ಅಮೈಲೇಸ್, ಲೈಪೇಸ್ ಜಾಸ್ತಿ ಅಂತ ರಿಪೋರ್ಟ್ ಬಂದಾಗ

ಕೈಯಲ್ಲಿ ಒಂದು ರಿಪೋರ್ಟ್ ಇದೆ ಅಂದುಕೊಳ್ಳಿ. ಸಾಲಿನ ಎಡಕ್ಕೆ ‘ಲೈಪೇಸ್’ ಅಂತಿದೆ. ನಡುವೆ 78. ಬಲಕ್ಕೆ ಸಣ್ಣ ಅಕ್ಷರದಲ್ಲಿ 13ರಿಂದ 60. ಆ 78 ಮಾತ್ರ ದಪ್ಪಗೆ ಅಚ್ಚಾಗಿದೆ, ಪಕ್ಕದಲ್ಲೊಂದು ಮೇಲ್ಮುಖದ ಬಾಣ. ಡಾಕ್ಟರು ಸಿಗುವುದು ನಾಳೆ ಬೆಳಿಗ್ಗೆ. ಅಲ್ಲಿವರೆಗೆ ಸುಮ್ನೆ ಕೂರುವುದು ಯಾರಿಂದ ಆಗುತ್ತದೆ? ಫೋನ್ ತೆಗೆದು ಹುಡುಕಿದರೆ ಪ್ಯಾಂಕ್ರಿಯಾಟೈಟಿಸ್, ಕ್ಯಾನ್ಸರ್ ಅನ್ನುವ ಪದಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಆಮೇಲೆ ನಿದ್ದೆ ಹತ್ತುವುದಿಲ್ಲ.

ಅಂಥ ಒಂದು ರಾತ್ರಿಯ ಓದಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಅಮೈಲೇಸ್ ಮತ್ತು ಲೈಪೇಸ್ ಬಹಳ ಉಪಯೋಗದ ಪರೀಕ್ಷೆಗಳು, ಅದರಲ್ಲಿ ಅನುಮಾನ ಬೇಡ. ಆದರೆ ಅವು ಹೇಳುವ ಮಾತು ಚಿಕ್ಕದು. ಕರುಳಿಗೆ ಹೋಗಬೇಕಾದ ಒಂದು ಜೀರ್ಣರಸದ ಅಂಶ ರಕ್ತದಲ್ಲಿ ಇಷ್ಟು ಸಿಕ್ಕಿತು, ಅಷ್ಟೇ. ಅದು ಎಲ್ಲಿಂದ ಬಂತು, ಯಾಕೆ ಬಂತು, ಅಪಾಯ ಇದೆಯಾ ಅನ್ನುವುದನ್ನು ಬರೀ ಅಂಕಿ ಹೇಳಲಾರದು. ಅದಕ್ಕೆ ಇನ್ನೂ ಮೂರು ವಿಷಯ ಬೇಕು: ನೋವು ಇದೆಯಾ, ನೋವು ಶುರುವಾಗಿ ಎಷ್ಟು ಹೊತ್ತಿಗೆ ರಕ್ತ ತೆಗೆದರು, ಮತ್ತು ಅಂಕಿ ಮೇಲಿನ ಮಿತಿಗಿಂತ ಎಷ್ಟು ಪಟ್ಟು ಇದೆ. ಈ ಮೂರನ್ನೂ ಪಕ್ಕದಲ್ಲಿ ಇಟ್ಟುಕೊಳ್ಳದೆ ರಿಪೋರ್ಟ್ ಓದಿದರೆ, ಹೆದರಬೇಕಾಗಿಲ್ಲದ ಕಡೆ ಹೆದರುತ್ತೇವೆ. ಹೆದರಬೇಕಾದ ಕಡೆ ನಿಶ್ಚಿಂತೆಯಿಂದ ಇದ್ದುಬಿಡುತ್ತೇವೆ. ಎರಡನೆಯದೇ ಹೆಚ್ಚು ಕೆಟ್ಟದ್ದು.

ಜಠರದ ಹಿಂದೆ ಅಡಗಿರುವ ಗ್ರಂಥಿ

ಪ್ಯಾಂಕ್ರಿಯಾಸ್‌ಗೆ ಕನ್ನಡದಲ್ಲಿ ಮೇದೋಜೀರಕ ಗ್ರಂಥಿ ಅನ್ನುತ್ತಾರೆ. ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಡ್ಡ ಮಲಗಿರುತ್ತದೆ. ಉದ್ದ ಸುಮಾರು 15 ಸೆಂಟಿಮೀಟರ್, ತೂಕ ನೂರು ಗ್ರಾಂ ಆಸುಪಾಸು. ಇಷ್ಟು ಒಳಗೆ ಇರುವುದರಿಂದ ಹೊಟ್ಟೆ ಒತ್ತಿ ನೋಡಿದರೆ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ಅದಕ್ಕೆ ಪೆಟ್ಟಾದಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಹೊಡೆಯುತ್ತದೆ.

ಈ ಗ್ರಂಥಿ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದು ನಮಗೆಲ್ಲ ಗೊತ್ತಿರುವುದು: ಇನ್ಸುಲಿನ್ ತಯಾರಿಸಿ ರಕ್ತಕ್ಕೆ ಬಿಡುವುದು. ಇನ್ನೊಂದು, ದಿನಕ್ಕೆ ಒಂದು ಒಂದೂವರೆ ಲೀಟರಿನಷ್ಟು ಜೀರ್ಣರಸ ತಯಾರಿಸಿ ನಾಳದ ಮೂಲಕ ಸಣ್ಣ ಕರುಳಿಗೆ ಹರಿಸುವುದು. ನಾವು ಮಾತಾಡುತ್ತಿರುವ ಪರೀಕ್ಷೆ ಈ ಎರಡನೇ ಕೆಲಸಕ್ಕೆ ಸೇರಿದ್ದು. ಲೈಪೇಸ್ ಜಾಸ್ತಿ ಬಂದರೆ ಸಕ್ಕರೆ ಕಾಯಿಲೆ ಶುರುವಾಯಿತು ಅಂತ ಅಂದುಕೊಳ್ಳುವವರು ಇದ್ದಾರೆ. ಹಾಗಲ್ಲ. ಒಂದೇ ಮನೆಯಲ್ಲಿ ನಡೆಯುವ ಎರಡು ಬೇರೆ ಕಸುಬುಗಳು ಇವು.

ಜೀರ್ಣರಸದಲ್ಲಿ ಹಲವು ಕಿಣ್ವಗಳಿವೆ. ಅಮೈಲೇಸ್ ಪಿಷ್ಟವನ್ನು ಒಡೆಯುತ್ತದೆ, ಲೈಪೇಸ್ ಕೊಬ್ಬನ್ನು, ಟ್ರಿಪ್ಸಿನ್ ಪ್ರೋಟೀನನ್ನು. ಇಲ್ಲಿ ಒಂದು ಅಚ್ಚರಿಯ ವ್ಯವಸ್ಥೆ ಇದೆ. ಪ್ರೋಟೀನ್ ಕತ್ತರಿಸುವ ಕಿಣ್ವ ಗ್ರಂಥಿಯ ಒಳಗೇ ಕೆಲಸ ಶುರು ಮಾಡಿದರೆ ಗ್ರಂಥಿಯನ್ನೇ ತಿಂದುಹಾಕುತ್ತದೆ ಅಲ್ವಾ? ಹಾಗಾಗಿ ಅದನ್ನು ಬೀಗ ಹಾಕಿದ ರೂಪದಲ್ಲಿ, ಟ್ರಿಪ್ಸಿನೋಜೆನ್ ಆಗಿ, ಕಳಿಸಲಾಗುತ್ತದೆ. ಬೀಗದ ಕೈ ಇರುವುದು ಸಣ್ಣ ಕರುಳಿನ ಗೋಡೆಯಲ್ಲಿ. ಅಲ್ಲಿ ತಲುಪಿದ ಮೇಲಷ್ಟೇ ಅದು ತೆರೆದುಕೊಳ್ಳುತ್ತದೆ. ಅಮೈಲೇಸ್‌ಗೂ ಲೈಪೇಸ್‌ಗೂ ಈ ಬೀಗ ಇಲ್ಲ. ಅವು ಗ್ರಂಥಿಯಿಂದ ಹೊರಡುವಾಗಲೇ ತಯಾರಾಗಿರುತ್ತವೆ.

ಪ್ಯಾಂಕ್ರಿಯಾಟೈಟಿಸ್ ಅಂದರೆ ಈ ಬೀಗ ತಪ್ಪಾದ ಜಾಗದಲ್ಲಿ ತೆರೆದುಕೊಳ್ಳುವುದು. ಪಿತ್ತಕೋಶದಿಂದ ಜಾರಿದ ಕಲ್ಲು ನಾಳದ ಬಾಯಿಗೆ ಸಿಕ್ಕಿಕೊಳ್ಳಬಹುದು. ಇಲ್ಲವೇ ವರ್ಷಗಟ್ಟಲೆ ಕುಡಿದ ಮದ್ಯ ಜೀವಕೋಶಗಳನ್ನು ಕೆಡಿಸಿರಬಹುದು. ಈ ಕಾಯಿಲೆಗೆ ಮುಖ್ಯ ಕಾರಣಗಳು ಇವೆರಡೇ. ಟ್ರಿಪ್ಸಿನ್ ಒಳಗೇ ಎಚ್ಚರಗೊಂಡು ಗ್ರಂಥಿ ಊದಿಕೊಳ್ಳುತ್ತದೆ, ಜೀವಕೋಶಗಳು ಹಾಳಾಗುತ್ತವೆ. ಅವುಗಳಲ್ಲಿ ತುಂಬಿಟ್ಟಿದ್ದ ಅಮೈಲೇಸ್, ಲೈಪೇಸ್ ನಾಳದ ದಾರಿ ಬಿಟ್ಟು ರಕ್ತಕ್ಕೆ ಸೋರುತ್ತವೆ. ಆ ಸೋರಿಕೆಯನ್ನೇ ಲ್ಯಾಬ್ ಅಳೆಯುವುದು.

ಆರೋಗ್ಯವಾಗಿರುವವರಲ್ಲೂ ಒಂದಿಷ್ಟು ಸೋರಿಕೆ ದಿನವೂ ಇದ್ದೇ ಇರುತ್ತದೆ. ಹಾಗಾಗಿ ಇಲ್ಲಿ ನಾರ್ಮಲ್ ಅಂದರೆ ಸೊನ್ನೆ ಅಲ್ಲ.

ಲ್ಯಾಬ್ ಅಳೆಯುವುದು ತೂಕವನ್ನಲ್ಲ, ವೇಗವನ್ನು

ಅಮೈಲೇಸ್ ಕೆಲಸವನ್ನು ಕಣ್ಣಾರೆ ನೋಡಬಹುದು. ಎರಡು ಗಾಜಿನ ಲೋಟದಲ್ಲಿ ಪಿಷ್ಟ ಕದಡಿದ ನೀರು ತೆಗೆದುಕೊಳ್ಳಿ. ಎರಡಕ್ಕೂ ಒಂದೊಂದು ತೊಟ್ಟು ಅಯೋಡಿನ್ ಹಾಕಿ. ನೀರು ಕಡು ನೀಲಿಯಾಗುತ್ತದೆ. ಈಗ ಒಂದು ಲೋಟಕ್ಕೆ ಸ್ವಲ್ಪ ಜೊಲ್ಲು ಬೆರೆಸಿ ಕಲಕಿ, ಕಾಯಿರಿ. ಆ ಲೋಟದ ನೀಲಿ ಮೆಲ್ಲಗೆ ಮಾಸುತ್ತ ಹೋಗುತ್ತದೆ, ಇನ್ನೊಂದರದ್ದು ಹಾಗೇ ಉಳಿಯುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಪಿಷ್ಟವನ್ನು ಒಡೆದದ್ದರಿಂದ ಅಯೋಡಿನ್‌ಗೆ ಹಿಡಿದುಕೊಳ್ಳಲು ಪಿಷ್ಟವೇ ಇಲ್ಲವಾಯಿತು. 1908ರಲ್ಲಿ ಜೂಲಿಯಸ್ ವೋಲ್ಗಮೂತ್ ಅಮೈಲೇಸ್ ಅಳೆಯಲು ಬಳಸಿದ್ದು ಇದೇ ಪಿಷ್ಟ ಮತ್ತು ಅಯೋಡಿನ್ ಜೋಡಿಯನ್ನು. 1929ರಲ್ಲಿ ರಾಬರ್ಟ್ ಎಲ್ಮನ್ ಮತ್ತು ಸಂಗಡಿಗರು ಪ್ಯಾಂಕ್ರಿಯಾಸ್ ಕಾಯಿಲೆಯಲ್ಲಿ ರಕ್ತದ ಅಮೈಲೇಸ್ ಏರುವುದನ್ನು ವಿವರಿಸಿದರು. ಅಲ್ಲಿಂದ ಅದು ಆಸ್ಪತ್ರೆಗಳ ದಿನನಿತ್ಯದ ಪರೀಕ್ಷೆಯಾಯಿತು.

ಲೈಪೇಸ್ ಕತೆ ಬೇರೆ. 1932ರಲ್ಲಿ ಚೆರಿ ಮತ್ತು ಕ್ರ್ಯಾಂಡಲ್ ರೂಪಿಸಿದ ವಿಧಾನದಲ್ಲಿ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ ತಿಳಿ ದ್ರವ) ಆಲಿವ್ ಎಣ್ಣೆಯ ಜೊತೆ 24 ಗಂಟೆ ಇಟ್ಟು, ಎಣ್ಣೆ ಎಷ್ಟು ಒಡೆದಿದೆ ಅಂತ ನೋಡಬೇಕಿತ್ತು. ಹೊಟ್ಟೆ ಹಿಡಿದುಕೊಂಡು ಒದ್ದಾಡುವವರಿಗೆ ನಾಳೆ ಬನ್ನಿ ಅನ್ನುವ ಪರೀಕ್ಷೆ ಯಾವ ಪ್ರಯೋಜನಕ್ಕೆ? ಹೀಗಾಗಿ ಲೈಪೇಸ್ ಹೆಚ್ಚು ನಂಬಲರ್ಹ ಅಂತ ಗೊತ್ತಿದ್ದರೂ ಬಹಳ ಕಾಲ ಅಮೈಲೇಸ್‌ದೇ ದರ್ಬಾರು. ಲೈಪೇಸ್‌ಗೆ ಜೊತೆಗಾರನಾದ ಕೋಲೈಪೇಸ್ ಅನ್ನುವ ಪ್ರೋಟೀನನ್ನೂ ಬೆರೆಸಿ, ನಿಮಿಷಗಳಲ್ಲಿ ಅಳೆಯುವ ವಿಧಾನಗಳು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಇವತ್ತು ಎರಡರಲ್ಲಿ ಒಂದನ್ನು ಆರಿಸಬೇಕಾದರೆ ತಜ್ಞರು ಲೈಪೇಸ್ ಸಾಕು ಅನ್ನುತ್ತಾರೆ. ಎರಡನ್ನೂ ಒಟ್ಟಿಗೆ ಬರೆಯುವುದು ಹೆಚ್ಚಾಗಿ ಹಳೆಯ ರೂಢಿ.

ಈಗಿನ ಯಂತ್ರವೂ ಮೂಲದಲ್ಲಿ ಆ ಲೋಟದ ಕೆಲಸವನ್ನೇ ಮಾಡುತ್ತದೆ. ಕಿಣ್ವ ಒಡೆಯಬಲ್ಲ ಒಂದು ವಸ್ತುವನ್ನು ನಿಮ್ಮ ಸೀರಮ್‌ಗೆ ಸೇರಿಸುತ್ತದೆ, ಒಡೆದಾಗ ಬಣ್ಣ ಬರುತ್ತದೆ, ಆ ಬಣ್ಣ ಎಷ್ಟು ಬೇಗ ಏರುತ್ತದೆ ಅಂತ ನೋಡುತ್ತದೆ. ಒಂದು ನಿಮಿಷಕ್ಕೆ ಒಂದು ಮೈಕ್ರೋಮೋಲ್ ವಸ್ತುವನ್ನು ಒಡೆಯುವಷ್ಟು ಕಿಣ್ವಕ್ಕೆ ಒಂದು ಯೂನಿಟ್ ಅನ್ನುತ್ತಾರೆ. ರಿಪೋರ್ಟಿನಲ್ಲಿ ಕಾಣುವ 78 ಅಂದರೆ ಲೀಟರಿಗೆ 78 ಯೂನಿಟ್. ಅಂದರೆ ಅದು ಕಿಣ್ವದ ತೂಕವಲ್ಲ, ಕೆಲಸದ ವೇಗ.

ಇದು ಸಣ್ಣ ವಿಷಯ ಅಂತ ಬಿಟ್ಟುಬಿಡಬೇಡಿ. ಬೇರೆ ಬೇರೆ ಲ್ಯಾಬಿನ ಯಂತ್ರಗಳು ಬೇರೆ ಬೇರೆ ವಸ್ತುವನ್ನು ಒಡೆಯಲು ಕೊಡುತ್ತವೆ. ಒಂದೇ ರಕ್ತಕ್ಕೆ ಎರಡು ಕಡೆ ಎರಡು ಅಂಕಿ ಬರುವುದು ಅದಕ್ಕೇ. ಒಂದು ಲ್ಯಾಬಿನಲ್ಲಿ ಲೈಪೇಸ್‌ನ ಮೇಲಿನ ಮಿತಿ 60, ಇನ್ನೊಂದರಲ್ಲಿ 160, ಮತ್ತೊಂದರಲ್ಲಿ 300 ಇರಬಹುದು. ಹಾಗಾದರೆ 150 ಅನ್ನುವ ಅಂಕಿಗೆ ಏನರ್ಥ? ಮೊದಲನೆಯ ಲ್ಯಾಬಿನಲ್ಲಿ ಅದು ಮಿತಿಯ ಎರಡೂವರೆ ಪಟ್ಟು. ಮೂರನೆಯದರಲ್ಲಿ ಪೂರ್ತಿ ನಾರ್ಮಲ್. ಹೋದ ತಿಂಗಳು 55 ಇದ್ದದ್ದು ಈ ತಿಂಗಳು 150 ಆಯಿತು ಅಂತ ಗಾಬರಿಯಾಗುವ ಮೊದಲು, ಎರಡೂ ಒಂದೇ ಲ್ಯಾಬಿನದ್ದಾ, ಬಲಗಡೆಯ ಮಿತಿ ಒಂದೇ ಇದೆಯಾ ಅಂತ ನೋಡಿ. ಅಂಕಿಯನ್ನು ಅಂಕಿಯ ಜೊತೆ ಹೋಲಿಸಬೇಡಿ. ಪಟ್ಟನ್ನು ಪಟ್ಟಿನ ಜೊತೆ ಹೋಲಿಸಿ.

ರಕ್ತ ಕೊಡುವಾಗಿನ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಊಟ ಮಾಡಿದ್ದರಿಂದ ಈ ಎರಡು ಅಂಕಿ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರೆ ಅದು ಸಾಮಾನ್ಯವಾಗಿ ಜೊತೆಗೆ ಬರೆದಿರುವ ಸಕ್ಕರೆ ಅಥವಾ ಟ್ರೈಗ್ಲಿಸರೈಡ್ ಪರೀಕ್ಷೆಗಾಗಿ. ಇನ್ನೊಂದು, ಅಮೈಲೇಸ್ ಕೆಲಸ ಮಾಡಲು ಕ್ಯಾಲ್ಸಿಯಂ ಬೇಕು. ರಕ್ತ ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಇಡಿಟಿಎ ಟ್ಯೂಬಿಗೆ ರಕ್ತ ತೆಗೆದರೆ ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ. ಜೊಲ್ಲಿನಲ್ಲಿ ಅಮೈಲೇಸ್ ಎಷ್ಟೊಂದು ಇದೆ ಅಂದರೆ, ಮುಚ್ಚಳ ತೆಗೆದ ಟ್ಯೂಬಿಗೆ ಅದು ಸಿಡಿದರೂ ಅಂಕಿ ಸುಳ್ಳಾಗಿ ಏರಬಹುದು. ಒಳ್ಳೆಯ ಲ್ಯಾಬಿನವರು ಇವೆರಡರ ಬಗ್ಗೆಯೂ ಎಚ್ಚರ ವಹಿಸುತ್ತಾರೆ.

ಮಿತಿ ದಾಟಿದರೆ ಕಾಯಿಲೆಯಾ?

ಬಲಗಡೆ ಅಚ್ಚಾಗಿರುವ ಮಿತಿ ಎಲ್ಲಿಂದ ಬಂತು ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಆರೋಗ್ಯವಾಗಿರುವ ಬಹಳಷ್ಟು ಜನರ ರಕ್ತ ಪರೀಕ್ಷಿಸಿ, ನಡುವಿನ ಶೇಕಡಾ 95 ಮಂದಿಯ ಅಂಕಿಗಳು ಎಲ್ಲಿಂದ ಎಲ್ಲಿವರೆಗೆ ಇವೆಯೋ ಅದನ್ನೇ ಮಿತಿ ಅನ್ನುತ್ತಾರೆ. ಅಂದರೆ ಯಾವ ಕಾಯಿಲೆಯೂ ಇಲ್ಲದ ನೂರು ಜನರಲ್ಲಿ ಎರಡು ಮೂರು ಜನ ಮೇಲಿನ ಗೆರೆಯನ್ನು ದಾಟಿಯೇ ಇರುತ್ತಾರೆ. ಅವರ ಮೈ ಇರುವುದೇ ಹಾಗೆ. 60ರ ಮಿತಿಗೆ 78 ಅಂದರೆ ಒಂದು ಕಾಲು ಪಟ್ಟಿಗಿಂತ ಸ್ವಲ್ಪ ಮೇಲೆ. ನೋವು ಇಲ್ಲದಿದ್ದರೆ ಇಷ್ಟು ಏರಿಕೆ ಒಂದು ಕಾಯಿಲೆಯ ಹೆಸರು ಹೇಳಲು ಸಾಲುವುದಿಲ್ಲ.

ಹಾಗಾದರೆ ಸಾಲುವಷ್ಟು ಎಂದರೆ ಎಷ್ಟು? ಮೂರು ಪಟ್ಟು. ಅಟ್ಲಾಂಟಾದಲ್ಲಿ 1992ರಲ್ಲಿ ತಜ್ಞರು ಸೇರಿ ಮಾಡಿದ ವರ್ಗೀಕರಣವನ್ನು 2012ರಲ್ಲಿ ಪರಿಷ್ಕರಿಸಲಾಯಿತು. ಜಗತ್ತಿನ ಬಹುತೇಕ ಕಡೆ ಈಗ ಅದನ್ನೇ ಅನುಸರಿಸುತ್ತಾರೆ. ಅದರ ಪ್ರಕಾರ ಹಠಾತ್ ಪ್ಯಾಂಕ್ರಿಯಾಟೈಟಿಸ್ ಎನ್ನಲು ಮೂರರಲ್ಲಿ ಎರಡು ಇರಬೇಕು. ಒಂದು, ಹೊಟ್ಟೆಯ ಮೇಲ್ಭಾಗದಲ್ಲಿ ಇದ್ದಕ್ಕಿದ್ದಂತೆ ಶುರುವಾಗಿ ಬಿಡದೆ ಕಾಡುವ, ಹಲವು ಸಲ ಬೆನ್ನಿಗೂ ಹೊಡೆಯುವ ಜೋರು ನೋವು. ಎರಡು, ಅಮೈಲೇಸ್ ಅಥವಾ ಲೈಪೇಸ್ ಮೇಲಿನ ಮಿತಿಯ ಮೂರು ಪಟ್ಟಾದರೂ ಇರಬೇಕು. ಮೂರು, ಸ್ಕ್ಯಾನಿನಲ್ಲಿ ಗ್ರಂಥಿ ಊದಿರುವುದು ಕಾಣಬೇಕು.

ಈ ನಿಯಮವನ್ನು ಸ್ವಲ್ಪ ನಿಧಾನಕ್ಕೆ ಯೋಚಿಸಿ ನೋಡಿ. ಲೈಪೇಸ್ ಮೂರು ಪಟ್ಟು ಇದ್ದು, ಆ ಬಗೆಯ ನೋವೇ ಇಲ್ಲ, ಸ್ಕ್ಯಾನೂ ಚೆನ್ನಾಗಿದೆ ಅಂದರೆ ಇದು ಪ್ಯಾಂಕ್ರಿಯಾಟೈಟಿಸ್ ಅಲ್ಲ. ಲೈಪೇಸ್ ಎರಡೇ ಪಟ್ಟು ಇದ್ದು, ನೋವು ಅದೇ ಬಗೆಯದು, ಸ್ಕ್ಯಾನಿನಲ್ಲಿ ಊತ ಕಂಡಿತು ಅಂದರೆ ಇದು ಪ್ಯಾಂಕ್ರಿಯಾಟೈಟಿಸ್ ಹೌದು. ರಕ್ತದ ಅಂಕಿಗೆ ಮೂರರಲ್ಲಿ ಒಂದೇ ಓಟು. ನೋವು ಮತ್ತು ಅಂಕಿ ಎರಡೂ ಸ್ಪಷ್ಟವಾಗಿದ್ದರೆ ಡಾಕ್ಟರು ಮೊದಲ ದಿನವೇ ಸಿಟಿ ಸ್ಕ್ಯಾನಿಗೆ ಕಳಿಸದೆ ಇರಬಹುದು. ಅದು ನಿರ್ಲಕ್ಷ್ಯ ಅಲ್ಲ. ಪಿತ್ತಕೋಶದಲ್ಲಿ ಕಲ್ಲು ಇದೆಯಾ ಅಂತ ನೋಡಲು ಅಲ್ಟ್ರಾಸೌಂಡ್ ಮಾತ್ರ ಬೇಕೇ ಬೇಕು.

ಗಡಿಯಾರ ನೋಡಬೇಕು

ನೋವು ಶುರುವಾದ ಗಂಟೆಯನ್ನು ಡಾಕ್ಟರಿಗೆ ಸರಿಯಾಗಿ ಹೇಳುವುದು ಎಷ್ಟು ಮುಖ್ಯ ಅನ್ನುವುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಲೈಪೇಸ್ ಸಾಮಾನ್ಯವಾಗಿ ನಾಲ್ಕರಿಂದ ಎಂಟು ಗಂಟೆಯೊಳಗೆ ಏರಲು ಶುರುವಾಗಿ, ಸುಮಾರು 24 ಗಂಟೆಗೆ ತುದಿ ಮುಟ್ಟಿ, ಎಂಟರಿಂದ ಹದಿನಾಲ್ಕು ದಿನಕ್ಕೆ ನಾರ್ಮಲ್‌ಗೆ ಇಳಿಯುತ್ತದೆ. ಅಮೈಲೇಸ್ ಏರುವುದು ಆರರಿಂದ ಹನ್ನೆರಡು ಗಂಟೆಯಲ್ಲಿ. ಇಳಿಯುವುದು ಮಾತ್ರ ಬೇಗ, ಮೂರರಿಂದ ಏಳು ದಿನದೊಳಗೆ.

ಒಬ್ಬರಿಗೆ ಭಾನುವಾರ ರಾತ್ರಿ ನೋವು ಬಂತು ಅಂದುಕೊಳ್ಳಿ. ಗ್ಯಾಸ್ ಇರಬೇಕು ಅಂತ ಮಾತ್ರೆ ನುಂಗಿ ಮಲಗಿದರು. ಸೋಮವಾರ, ಮಂಗಳವಾರ ಹಾಗೇ ಸಹಿಸಿಕೊಂಡರು. ಶುಕ್ರವಾರ ಆಸ್ಪತ್ರೆಗೆ ಬಂದರು. ಅಷ್ಟರಲ್ಲಿ ಅಮೈಲೇಸ್ ಏರಿ, ಇಳಿದು, ನಾರ್ಮಲ್ ಆಗಿರಬಹುದು. ಅಮೈಲೇಸ್ ಮಾತ್ರ ನೋಡಿದರೆ ಏನೂ ಇಲ್ಲ ಅಂತಲೇ ಅನ್ನಿಸುತ್ತದೆ. ಲೈಪೇಸ್ ಇನ್ನೂ ಮೇಲೇ ಇರುವ ಸಾಧ್ಯತೆ ಜಾಸ್ತಿ. ತದ್ವಿರುದ್ಧವಾಗಿ, ನೋವು ಶುರುವಾಗಿ ಒಂದೇ ಗಂಟೆಗೆ ಓಡಿ ಬಂದು ರಕ್ತ ಕೊಟ್ಟರೆ ಎರಡೂ ನಾರ್ಮಲ್ ಇರಬಹುದು. ಸೋರಿಕೆ ರಕ್ತದಲ್ಲಿ ಕಾಣಿಸಿಕೊಳ್ಳಲು ಇನ್ನೂ ಹೊತ್ತಾಗಿಲ್ಲ ಅಷ್ಟೇ. ಹೀಗಿರುವಾಗ ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ರಕ್ತ ತೆಗೆದರೆ ಬೇಸರ ಮಾಡಿಕೊಳ್ಳಬೇಡಿ.

ಅಂಕಿ ದೊಡ್ಡದಾದರೆ ಕಾಯಿಲೆ ದೊಡ್ಡದಲ್ಲ

ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲಿ ಕೂತವರು ಪದೇ ಪದೇ ಕೇಳುವ ಪ್ರಶ್ನೆ: ‘ನಿನ್ನೆ 1800 ಇತ್ತು, ಇವತ್ತು ಎಷ್ಟಕ್ಕೆ ಬಂತು?’ ಈ ಪ್ರಶ್ನೆಯ ಹಿಂದಿನ ಕಳವಳ ನನಗೆ ಅರ್ಥವಾಗುತ್ತದೆ. ಹಿಡಿದುಕೊಳ್ಳಲು ಒಂದು ಅಂಕಿ ಇದ್ದರೆ ಧೈರ್ಯ. ಆದರೆ ಈ ಅಂಕಿ ಆ ಧೈರ್ಯವನ್ನು ಕೊಡಲಾರದು. ಲೈಪೇಸ್ 400 ಇರುವವರು ಐಸಿಯುನಲ್ಲಿ ಇರಬಹುದು, 4000 ಇದ್ದವರು ನಾಲ್ಕೈದು ದಿನಕ್ಕೆ ಎದ್ದು ಮನೆಗೆ ಹೋಗಬಹುದು. ಕಲ್ಲು ನಾಳಕ್ಕೆ ಅಡ್ಡ ಬಂದು, ಆಮೇಲೆ ಜಾರಿ ಹೋದಾಗ ಅಂಕಿ ಬಹಳ ಎತ್ತರಕ್ಕೆ ಹೋಗಿಯೂ ಗ್ರಂಥಿ ಬೇಗ ಸುಧಾರಿಸಿಕೊಳ್ಳುವುದುಂಟು. ವರ್ಷಗಟ್ಟಲೆ ಕುಡಿದು ಸೊರಗಿದ ಗ್ರಂಥಿಯಲ್ಲಿ ಸೋರಲು ಕಿಣ್ವವೇ ಕಡಿಮೆ, ಹಾಗಾಗಿ ಕಾಯಿಲೆ ಜೋರಾಗಿದ್ದರೂ ಅಂಕಿ ಸಣ್ಣದಾಗಿರುತ್ತದೆ.

ಕಾಯಿಲೆ ಎಷ್ಟು ತೀವ್ರ ಅನ್ನುವುದನ್ನು ಡಾಕ್ಟರು ಬೇರೆ ಕಡೆ ನೋಡುತ್ತಾರೆ. ಉಸಿರಾಟ ಹೇಗಿದೆ, ರಕ್ತದೊತ್ತಡ ನಿಂತಿದೆಯಾ, ಮೂತ್ರ ಸರಿಯಾಗಿ ಬರುತ್ತಿದೆಯಾ, ರಕ್ತದ ಯೂರಿಯಾ ಏರುತ್ತಿದೆಯಾ, ರಕ್ತ ಗಟ್ಟಿಯಾಗುತ್ತಿದೆಯಾ, ಉರಿಯೂತ ತೋರಿಸುವ ಸಿಆರ್‌ಪಿ ಎರಡನೇ ದಿನಕ್ಕೆ ಎಷ್ಟಾಯಿತು. ಶ್ವಾಸಕೋಶ, ಹೃದಯ, ಕಿಡ್ನಿ ಇವುಗಳಲ್ಲಿ ಯಾವುದಾದರೂ 48 ಗಂಟೆಗಿಂತ ಜಾಸ್ತಿ ಕೈಕೊಟ್ಟರೆ ಅದನ್ನು ತೀವ್ರ ಅನ್ನುತ್ತಾರೆ. ಅಟ್ಲಾಂಟಾ ವರ್ಗೀಕರಣದಲ್ಲಿ ತೀವ್ರತೆ ಅಳೆಯುವಾಗ ಲೈಪೇಸ್ ಲೆಕ್ಕಕ್ಕೇ ಬರುವುದಿಲ್ಲ. ರೋಗ ಪತ್ತೆಯಾದ ಮೇಲೆ ದಿನಾ ಲೈಪೇಸ್ ಬರೆಯುವುದರಿಂದ ಚಿಕಿತ್ಸೆಗೆ ಉಪಯೋಗವಿಲ್ಲ. ಪಕ್ಕದಲ್ಲಿ ಕೂತವರು ಕೇಳಬೇಕಾದ ಪ್ರಶ್ನೆ ಬೇರೆ: ನೋವು ಇಳಿದಿದೆಯಾ, ಮೂತ್ರ ಎಷ್ಟಾಯಿತು, ಬಾಯಿಂದ ಆಹಾರ ಯಾವಾಗ ಶುರು ಮಾಡುತ್ತೀರಿ.

ನಾರ್ಮಲ್ ಬಂದರೂ ಕಾಯಿಲೆ ಇರಬಹುದಾದ ಸಂದರ್ಭಗಳು

ತಡವಾಗಿ ಬಂದವರ ವಿಷಯ ಆಗಲೇ ಹೇಳಿದೆ. ಎರಡನೆಯದು ಟ್ರೈಗ್ಲಿಸರೈಡ್. ರಕ್ತದ ಈ ಕೊಬ್ಬು ಡೆಸಿಲೀಟರಿಗೆ 1000 ಮಿಲಿಗ್ರಾಂ ದಾಟಿದರೆ ಅದೇ ಪ್ಯಾಂಕ್ರಿಯಾಟೈಟಿಸ್ ತರಬಲ್ಲದು. ಅಂಥವರ ರಕ್ತವನ್ನು ಟ್ಯೂಬಿನಲ್ಲಿ ತಿರುಗಿಸಿ ಸೀರಮ್ ಬೇರೆ ಮಾಡಿದರೆ ತಿಳಿ ಹಳದಿಯ ಬದಲು ಹಾಲಿನ ಹಾಗೆ ಬೆಳ್ಳಗೆ ಇರುತ್ತದೆ. ಅಷ್ಟು ಕೊಬ್ಬು ಅಮೈಲೇಸ್ ಅಳೆಯುವ ಕೆಲಸಕ್ಕೇ ಅಡ್ಡಿ ಮಾಡುತ್ತದೆ. ಅಂಕಿ ಸುಳ್ಳಾಗಿ ನಾರ್ಮಲ್ ಬರಬಹುದು. ಕಾಯಿಲೆ ತಂದ ಕಾರಣವೇ ಅದರ ಗುರುತನ್ನೂ ಅಳಿಸುತ್ತದೆ! ಹಾಲಿನಂಥ ಸೀರಮ್ ಕಂಡ ತಕ್ಷಣ ಲ್ಯಾಬಿನವರು ಅದನ್ನು ತೆಳು ಮಾಡಿ ಮತ್ತೆ ಅಳೆದು, ಡಾಕ್ಟರಿಗೆ ತಿಳಿಸಿದರೆ ಒಂದು ಜೀವ ಉಳಿಯಬಹುದು.

ಮೂರನೆಯದು ಹಳೆಯ, ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್. ಇಲ್ಲಿ ಗ್ರಂಥಿ ವರ್ಷಗಳಿಂದ ಬೆಂದು, ಒಣಗಿ, ನಾರುನಾರಾಗಿರುತ್ತದೆ. ಸೋರಲು ಏನೂ ಉಳಿದಿರುವುದಿಲ್ಲ. ಅಮೈಲೇಸ್, ಲೈಪೇಸ್ ನಾರ್ಮಲ್ ಇರುತ್ತವೆ, ಕೆಲವೊಮ್ಮೆ ಕಡಿಮೆಯೂ ಇರುತ್ತವೆ. ಈ ಜನರ ತೊಂದರೆ ಬೇರೆ: ತಿಂದ ಕೊಬ್ಬು ಜೀರ್ಣವಾಗದೆ ಮಲ ಜಿಡ್ಡಾಗಿ, ಮಸುಕು ಬಣ್ಣದಲ್ಲಿ, ಕೆಟ್ಟ ವಾಸನೆಯಿಂದ ಹೋಗುತ್ತದೆ, ತೂಕ ಇಳಿಯುತ್ತದೆ. ಇದಕ್ಕೆ ಮಲದ ಎಲಾಸ್ಟೇಸ್ ಪರೀಕ್ಷೆ ಇದೆ. ಎಲಾಸ್ಟೇಸ್ ಕೂಡ ಪ್ಯಾಂಕ್ರಿಯಾಸ್ ಕಿಣ್ವವೇ, ಕರುಳಿನ ಉದ್ದಕ್ಕೂ ಕೆಡದೆ ಹೊರಬರುತ್ತದೆ. ಒಂದು ಗ್ರಾಂ ಮಲಕ್ಕೆ 200 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಗ್ರಂಥಿ ರಸವನ್ನು ಸಾಕಷ್ಟು ತಯಾರಿಸುತ್ತಿಲ್ಲ ಎಂಬ ಸಂಶಯ ಬರುತ್ತದೆ, 100ಕ್ಕಿಂತ ಕಡಿಮೆ ಇದ್ದರೆ ಆ ಸಂಶಯ ಬಲವಾಗುತ್ತದೆ. ರಕ್ತದ ಪರೀಕ್ಷೆ ಸೋರಿಕೆಯನ್ನು ನೋಡುತ್ತದೆ, ಮಲದ ಪರೀಕ್ಷೆ ತಯಾರಿಕೆಯನ್ನು. ಇವೆರಡನ್ನು ಕಲಸಿಕೊಳ್ಳಬಾರದು.

ಕ್ಯಾನ್ಸರ್ ಬಗ್ಗೆಯೂ ಇಲ್ಲೇ ಹೇಳಬೇಕು, ಯಾಕೆಂದರೆ ರಾತ್ರಿ ನಿದ್ದೆ ಕೆಡಿಸುವುದು ಆ ಪದವೇ. ಅಮೈಲೇಸ್, ಲೈಪೇಸ್ ಕ್ಯಾನ್ಸರ್ ಪತ್ತೆ ಮಾಡುವ ಪರೀಕ್ಷೆಗಳಲ್ಲ. ಅವು ಸ್ವಲ್ಪ ಏರಿದರೆ ಕ್ಯಾನ್ಸರ್ ಅಂತಲೂ ಅಲ್ಲ, ನಾರ್ಮಲ್ ಇದ್ದರೆ ಕ್ಯಾನ್ಸರ್ ಇಲ್ಲ ಅಂತಲೂ ಅಲ್ಲ. ಕಾಮಾಲೆ, ಕಾರಣವಿಲ್ಲದೆ ತೂಕ ಇಳಿಯುವುದು, ವಯಸ್ಸಾದ ಮೇಲೆ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ಬರುವುದು, ಇಂಥ ಸೂಚನೆಗಳಿದ್ದರೆ ಡಾಕ್ಟರು ಸ್ಕ್ಯಾನ್ ಮಾಡಿಸುತ್ತಾರೆ.

ಪ್ಯಾಂಕ್ರಿಯಾಸ್ ಚೆನ್ನಾಗಿದ್ದೂ ಅಂಕಿ ಏರುವುದು

ಈ ಪಟ್ಟಿ ಉದ್ದ ಇದೆ, ಎಲ್ಲವನ್ನೂ ಹೇಳುವುದಿಲ್ಲ. ಮುಖ್ಯವಾದ ಮಾತು ಏನೆಂದರೆ, ಅಮೈಲೇಸ್ ಪ್ಯಾಂಕ್ರಿಯಾಸ್ ಒಂದರ ಸ್ವತ್ತಲ್ಲ. ಆರೋಗ್ಯವಂತರ ರಕ್ತದಲ್ಲಿರುವ ಅಮೈಲೇಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜೊಲ್ಲುಗ್ರಂಥಿಯಿಂದ ಬಂದದ್ದು. ಮಂಗನಬಾವು ಬಂದ ಮಗುವಿನ ಕೆನ್ನೆ ಊದಿದಾಗ ಅಮೈಲೇಸ್ ಏರುತ್ತದೆ. ಮತ್ತೆ ಮತ್ತೆ ವಾಂತಿ ಮಾಡುವವರಲ್ಲಿ ಜೊಲ್ಲುಗ್ರಂಥಿ ಊದಿ ಏರುತ್ತದೆ. ಆಗ ಲೈಪೇಸ್ ನೋಡಿದರೆ ನಾರ್ಮಲ್ ಇರುತ್ತದೆ. ಅಮೈಲೇಸ್ ಮೇಲೆ, ಲೈಪೇಸ್ ಕೆಳಗೆ ಅಂತಿದ್ದರೆ ಮೊದಲು ಬಾಯಿಯ ಕಡೆ ಯೋಚಿಸಬೇಕು.

ಇಲ್ಲವೇ ಮ್ಯಾಕ್ರೋಅಮೈಲೇಸ್ ಇರಬಹುದು. ನನಗೆ ಬಹಳ ಇಷ್ಟವಾಗುವ ವಿವರಣೆ ಇದು. ಅಮೈಲೇಸ್ ಸಣ್ಣ ಅಣು, ಕಿಡ್ನಿಯ ಜಾಲರಿಯಲ್ಲಿ ಜಾರಿ ಮೂತ್ರಕ್ಕೆ ಹೋಗುತ್ತದೆ. ಕೆಲವರ ರಕ್ತದಲ್ಲಿ ಅದು ಇಮ್ಯುನೋಗ್ಲಾಬ್ಯುಲಿನ್ ಎಂಬ ದೊಡ್ಡ ಪ್ರೋಟೀನಿಗೆ ಅಂಟಿಕೊಂಡುಬಿಡುತ್ತದೆ. ಜೋಡಿ ದಪ್ಪವಾಯಿತು, ಜಾಲರಿ ದಾಟಲಾರದು, ರಕ್ತದಲ್ಲೇ ಸುತ್ತುತ್ತದೆ. ರಕ್ತದ ಅಂಕಿ ವರ್ಷಾನುಗಟ್ಟಲೆ ಮೇಲೆ, ಮೂತ್ರದ ಅಮೈಲೇಸ್ ಕೆಳಗೆ. ಮನುಷ್ಯನಿಗೆ ಏನೂ ತೊಂದರೆ ಇಲ್ಲ. ರಕ್ತ ಮತ್ತು ಮೂತ್ರ ಎರಡನ್ನೂ ಒಟ್ಟಿಗೆ ಪರೀಕ್ಷಿಸಿದರೆ ಸುಳಿವು ಸಿಗುತ್ತದೆ, ಚಿಕಿತ್ಸೆ ಬೇಡ. ಆದರೆ ಒಮ್ಮೆ ಗೊತ್ತಾದ ಮೇಲೆ ಅದನ್ನು ಬರೆದಿಟ್ಟುಕೊಳ್ಳಬೇಕು, ಮುಂದೆ ಬೇರೆ ಕಾರಣಕ್ಕೆ ಹೊಟ್ಟೆನೋವು ಬಂದಾಗ ಡಾಕ್ಟರು ದಾರಿ ತಪ್ಪುವುದು ಬೇಡ.

ಲೈಪೇಸ್ ಹೆಚ್ಚು ನಿಖರವಾದರೂ ತಪ್ಪೇ ಆಗದು ಅಂತೇನಿಲ್ಲ. ಕಿಡ್ನಿ ಸೋತವರಲ್ಲಿ ಎರಡೂ ಕಿಣ್ವಗಳು ಹೊರಹೋಗುವುದು ನಿಧಾನವಾಗಿ ಅಂಕಿ ಏರಿ ನಿಲ್ಲುತ್ತದೆ. ಪಿತ್ತಕೋಶದ ಉರಿಯೂತ, ಕರುಳು ಕಟ್ಟಿಕೊಳ್ಳುವುದು, ಹುಣ್ಣು ತೂತಾಗುವುದು, ಕರುಳಿಗೆ ರಕ್ತ ಹರಿಯುವುದು ನಿಲ್ಲುವುದು ಇವೆಲ್ಲ ಅಂಕಿಯನ್ನು ಏರಿಸಬಲ್ಲವು. ಇವುಗಳಲ್ಲಿ ಕೊನೆಯ ಮೂರು ತುರ್ತಾಗಿ ಆಪರೇಷನ್ ಬೇಕಾಗಬಹುದಾದ ಕಾಯಿಲೆಗಳು. ಏರಿದ ಅಂಕಿ ನೋಡಿ ಪ್ಯಾಂಕ್ರಿಯಾಸ್ ಅಂತ ತೀರ್ಮಾನಿಸಿ ಕೂತರೆ ನಿಜವಾದ ಅಪಾಯ ಕೈತಪ್ಪುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಕೀಟೋಆಸಿಡೋಸಿಸ್, ಅಂದರೆ ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರುವ ಸ್ಥಿತಿ, ಆದಾಗಲೂ ಏರುತ್ತದೆ.

ಔಷಧಿಗಳೂ ಇವೆ. ಮಾರ್ಫಿನ್, ಕೊಡೀನ್‌ನಂಥ ನೋವಿನ ಮದ್ದು ನಾಳದ ಬಾಯಿಯ ಸ್ನಾಯುವನ್ನು ಬಿಗಿ ಮಾಡುತ್ತದೆ, ಅದರಿಂದಲೂ ಅಂಕಿ ಏರಬಹುದು. ಸಕ್ಕರೆ ಮತ್ತು ತೂಕ ಇಳಿಸಲು ಕೊಡುವ ಜಿಎಲ್‌ಪಿ-1 ಗುಂಪಿನ ಚುಚ್ಚುಮದ್ದು ತೆಗೆದುಕೊಳ್ಳುವವರಲ್ಲಿ ನೋವೇ ಇಲ್ಲದೆ ಅಂಕಿ ಸ್ವಲ್ಪ ಏರುವುದುಂಟು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್, ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೋಯೇಟ್ ನಿಜವಾದ ಪ್ಯಾಂಕ್ರಿಯಾಟೈಟಿಸ್ ತರುವುದೂ ಇದೆ. ಹಾಗಂತ ಯಾವ ಮದ್ದನ್ನೂ ನೀವಾಗಿಯೇ ನಿಲ್ಲಿಸಬೇಡಿ. ವ್ಯಾಲ್ಪ್ರೋಯೇಟ್ ಹಠಾತ್ತಾಗಿ ನಿಲ್ಲಿಸಿದರೆ ಫಿಟ್ಸ್ ಬರಬಹುದು. ತೆಗೆದುಕೊಳ್ಳುವ ಎಲ್ಲ ಮದ್ದಿನ ಹೆಸರು ಬರೆದುಕೊಂಡು ಡಾಕ್ಟರ ಬಳಿ ಹೋಗಿ.

ಇದ್ಯಾವುದೂ ಇಲ್ಲದೆಯೂ ಅಂಕಿ ಏರಿರುವ ಜನರಿದ್ದಾರೆ. ಇಟಲಿಯ ವೈದ್ಯ ಲೂಚಿಯೊ ಗುಲ್ಲೊ 1996ರಲ್ಲಿ ಅಂಥವರ ಬಗ್ಗೆ ಬರೆದರು. ಅವರ ಪ್ಯಾಂಕ್ರಿಯಾಸ್ ಕಿಣ್ವಗಳು ಹೆಚ್ಚಿನ ಸಮಯ ಮಿತಿಗಿಂತ ಮೇಲೆ. ಕೆಲವು ದಿನ ತಾನಾಗಿಯೇ ನಾರ್ಮಲ್‌ಗೆ ಇಳಿದು, ಮತ್ತೆ ಏರುವುದೂ ಉಂಟು. ಕೆಲವು ಮನೆಗಳಲ್ಲಿ ಅಪ್ಪನಿಗೂ ಮಗಳಿಗೂ ಹಾಗೇ ಇರುತ್ತದೆ. ಸ್ಕ್ಯಾನ್ ಮಾಡಿ, ಕೆಲಕಾಲ ಗಮನಿಸಿ, ಬೇರೆ ಕಾರಣ ಇಲ್ಲ ಅಂತ ಖಚಿತವಾದ ಮೇಲೆ ಇದಕ್ಕೆ ಗುಲ್ಲೊ ಸಿಂಡ್ರೋಮ್ ಅನ್ನುವ ಹೆಸರು ಕೊಡುತ್ತಾರೆ.

ಮತ್ತೆ ಆ 78ಕ್ಕೆ

ನಾಳೆ ಬೆಳಿಗ್ಗೆ ಡಾಕ್ಟರು ಏನು ಕೇಳಬಹುದು? ಈ ಪರೀಕ್ಷೆ ಯಾಕೆ ಮಾಡಿಸಿದಿರಿ ಅನ್ನುವುದೇ ಮೊದಲ ಪ್ರಶ್ನೆ. ಯಾವ ನೋವೂ ಇಲ್ಲದೆ, ಪ್ಯಾಕೇಜಿನಲ್ಲಿ ಸೇರಿತ್ತು ಅಂತ ಮಾಡಿಸಿದ್ದರೆ, ನನ್ನ ಪ್ರಕಾರ ಆ ಪರೀಕ್ಷೆ ಬೇಕಾಗಿಯೇ ಇರಲಿಲ್ಲ. ಲಕ್ಷಣವಿಲ್ಲದವರಿಗೆ ಲೈಪೇಸ್ ನೋಡುವುದರಿಂದ ಸಿಗುವುದು ಹೆಚ್ಚಾಗಿ ಚಿಂತೆ ಮಾತ್ರ. ಮದ್ದಿನ ಪಟ್ಟಿ ನೋಡಿ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ನೋಡಿ, ಕೆಲವು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಿ ಅನ್ನಬಹುದು.

ನೋವು ಬಂದು ಹೋಗುತ್ತಿದ್ದರೆ ಮಾತು ಬೇರೆ. ಆಗ ಪಿತ್ತಕೋಶದ ಅಲ್ಟ್ರಾಸೌಂಡ್, ಲಿವರ್ ಪರೀಕ್ಷೆ, ಟ್ರೈಗ್ಲಿಸರೈಡ್, ಕ್ಯಾಲ್ಸಿಯಂ ನೋಡುತ್ತಾರೆ. ಪ್ಯಾಂಕ್ರಿಯಾಟೈಟಿಸ್ ಜೊತೆಗೆ ಲಿವರಿನ ಎಎಲ್‌ಟಿ ಅನ್ನುವ ಕಿಣ್ವ ಮಿತಿಯ ಮೂರು ಪಟ್ಟು ಏರಿದ್ದರೆ ಕಲ್ಲಿನ ಮೇಲೆ ಸಂಶಯ ಹೋಗುತ್ತದೆ. ಮದ್ಯದ ಬಗ್ಗೆಯೂ ಕೇಳುತ್ತಾರೆ. ಎಷ್ಟು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅಲ್ಲಿ ಮುಚ್ಚಿಟ್ಟರೆ ಡಾಕ್ಟರು ಇಲ್ಲದ ಕಾರಣವನ್ನು ಹುಡುಕುತ್ತ ಹೋಗುತ್ತಾರೆ.

ಇಷ್ಟು ಓದುವಷ್ಟರಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಶುರುವಾಗಿ ಬಿಡುತ್ತಲೇ ಇಲ್ಲ, ಬೆನ್ನಿಗೆ ಹೊಡೆಯುತ್ತಿದೆ, ವಾಂತಿ ನಿಲ್ಲುತ್ತಿಲ್ಲ, ಜ್ವರ ಅಥವಾ ಕಾಮಾಲೆ ಇದೆ, ಉಸಿರು ಕಟ್ಟುತ್ತಿದೆ, ತಲೆ ಸುತ್ತುತ್ತಿದೆ ಅಂತಾದರೆ ನಾಳೆ ಬೆಳಗಿನವರೆಗೆ ಕಾಯಬೇಡಿ. ರಿಪೋರ್ಟಿನಲ್ಲಿ 78 ಇರಲಿ, 48 ಇರಲಿ, ಈಗಲೇ ಆಸ್ಪತ್ರೆಗೆ ಹೊರಡಿ. ನೋವು ಎಷ್ಟು ಗಂಟೆಗೆ ಶುರುವಾಯಿತು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.